ಮಾವನ ಪಿಕಪ್ಪು, ಜೋಳದ ಮೂಟೆ, ನನ್ನ ತಪ್ಪು ಲೆಕ್ಕ

ಕ್ರಿಸ್‌ಮಸ್ ರಜೆಗೆ ಮಾರ್ಟಳ್ಳಿಗೆ ಹೋದರೆ ನನಗೆ ಸಿಗುವ ಮೊದಲ ಕೆಲಸ ಎಲ್ಲರ ಮೊಬೈಲ್ ರಿಪೇರಿ. ಇಂಜಿನಿಯರಿಂಗ್ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮೂರಿನ ನಂಬಿಕೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಸ್ವಾಮಿ, ಅಂದರೆ ಯಾರೂ ಕೇಳಲ್ಲ. ಈ ಸಲ ಮಾವ ಕೇಳಿದ್ದು ಮಾತ್ರ ಬೇರೆ ಥರದ ಪ್ರಶ್ನೆ. "ನಮ್ಮ ಪಿಕಪ್ಪು ಎಷ್ಟು ಭಾರ ಎಳೀಬಹುದು, ನೋಡಿ ಹೇಳು."

ವಿಷಯ ಇಷ್ಟು. ಅವರ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಬಿಚ್ಚಿ ಹಾಕಿತ್ತು. ಮುಸುಕಿನ ಜೋಳ ಒಣಗಿಸಿ ಮೂಟೆ ಕಟ್ಟಿಯಾಗಿತ್ತು. ಬೆಟ್ಟ ದಾಟಿ ಪಾಲಾರ್ ಮೇಲೆ ಮೆಟ್ಟೂರು ಕಡೆಗೆ ಒಯ್ದರೆ ಕೋಳಿ ಆಹಾರಕ್ಕೆ ಕೊಳ್ಳುವವರಿದ್ದರು. ಪಿಕಪ್ಪಿನ ಹಿಂದೆ ಹುಕ್ ವೆಲ್ಡ್ ಮಾಡಿಸಿ ಟ್ರ್ಯಾಕ್ಟರಿನ ಟ್ರೈಲರನ್ನೇ ಕಟ್ಟಿಕೊಂಡು ಹೋದರೆ ಒಂದೇ ಟ್ರಿಪ್, ಒಂದೇ ಡೀಸೆಲ್ ಖರ್ಚು ಅನ್ನೋದು ಅವರ ಯೋಚನೆ.

ನಾನು ಮೊಬೈಲಿನಲ್ಲಿ ಹುಡುಕಿ, "ಐದು ಟನ್ ಎಳೆಯುತ್ತೆ ಮಾವ" ಅಂದುಬಿಟ್ಟೆ. ಆಮೇಲೆ ಸರಿಯಾಗಿ ನೋಡಿದರೆ ಅದು ಅಮೆರಿಕದ ಪಿಕಪ್ಪಿನ ಲೆಕ್ಕ! ಅಲ್ಲಿ ಟ್ರೈಲರ್ ಎಳೆಯುವ ಶಕ್ತಿಗೆ ಜೆ2807 ಅನ್ನೋ ಪರೀಕ್ಷಾ ಪದ್ಧತಿಯೇ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಸುಮಾರು 18 ಕಿಲೋಮೀಟರ್ ಏರು ಅದಕ್ಕೆ ಅಳತೆಗೋಲು. ಎಸಿ ಹಾಕಿಕೊಂಡೇ, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. ಅಲ್ಲಿನ ಭಾರೀ ಟ್ರೈಲರ್‌ಗಳಿಗೆ ಸ್ವಂತ ಬ್ರೇಕೂ ಇರುತ್ತೆ. ಯೂರೋಪಿನಲ್ಲಿ ಬ್ರೇಕಿಲ್ಲದ ಟ್ರೈಲರ್ ಆದರೆ ಸರಕೂ ಸೇರಿ 750 ಕೆಜಿ ದಾಟುವಂತಿಲ್ಲ. ಮಾವನ ಟ್ರೈಲರಿಗೆ ಇದ್ದದ್ದು ಎರಡು ಚಕ್ರ, ಒಂದು ಪಿನ್ನು. ಬ್ರೇಕ್ ಅನ್ನೋ ವಸ್ತುವೇ ಇರಲಿಲ್ಲ.

ನಾಚಿಕೆಯಾಗಿ ಆರ್‌ಸಿ ತೆಗೆಸಿ ನೋಡಿದೆ. ನಿಮ್ಮ ಮನೆಯಲ್ಲೂ ಗೂಡ್ಸ್ ಗಾಡಿ ಇದ್ದರೆ ಅದರಲ್ಲಿ ಎರಡು ಅಂಕಿ ನೋಡಿ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಸರಕು ತುಂಬಿದಾಗ ಇರಬಹುದಾದ ಗರಿಷ್ಠ ಒಟ್ಟು ತೂಕ. ಮಾವನ ಗಾಡಿಯದು 1,750 ಮತ್ತು 3,150 ಕೆಜಿ. ಅಂದರೆ ಹೊರಬಹುದಾದದ್ದು 1,400 ಕೆಜಿ. ಡ್ರೈವರು, ಪಕ್ಕದಲ್ಲಿ ಕೂತವರು ಎಲ್ಲರೂ ಈ 1,400ರೊಳಗೇ ಬರಬೇಕು. ಇಬ್ಬರಿಗೆ 130 ಕೆಜಿ ಕಳೆದರೆ 50 ಕೆಜಿಯ 25 ಮೂಟೆ, ಅಷ್ಟೇ. ಮಾವ ಮಾಮೂಲಿಯಾಗಿ ಹಾಕುತ್ತಿದ್ದದ್ದು 40! "ಹೋದ ವರ್ಷ ಹಾಕ್ಕೊಂಡು ಹೋಗಿದ್ನಲ್ಲ" ಅಂದರು. ಅತ್ತೆ ಒಳಗಿಂದಲೇ, "ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಯ್ತು, ಒಂದು ಗಂಟೆ ನಿಲ್ಲಿಸಿದ್ರಂತೆ. ಅದನ್ನೂ ಹೇಳಿ" ಅಂದರು. ಆ ಮಾತು ನನಗೆ ಗೊತ್ತೇ ಇರಲಿಲ್ಲ.

ತಾಳಬೆಟ್ಟದಿಂದ ಮೇಲಕ್ಕೆ ಆ ಹೇರ್‌ಪಿನ್ ತಿರುವುಗಳನ್ನು ನೋಡಿದವರಿಗೆ ಗೊತ್ತು. ಹತ್ತುವಾಗ ಭಾರ ಜಾಸ್ತಿಯಾದರೆ ಗಾಡಿ ನಿಂತುಹೋಗುತ್ತೆ, ಬೈಸಿಕೊಂಡು ಇಳಿದು ಕಲ್ಲು ಕೊಡಬಹುದು. ಇಳಿಯುವಾಗ ಆ ಅವಕಾಶ ಇಲ್ಲ. 3,500 ಕೆಜಿಯ ಗಾಡಿ 500 ಮೀಟರ್ ಕೆಳಗಿಳಿದರೆ ಹೊರಬರುವ ಶಕ್ತಿಯಲ್ಲಿ 50 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ಬ್ರೇಕನ್ನೇ ಒತ್ತಿ ಹಿಡಿದು ಇಳಿದರೆ ಆ ಬಿಸಿಯೆಲ್ಲಾ ನಾಲ್ಕು ಚಕ್ರದೊಳಗಿನ ಪುಟ್ಟ ಪ್ಯಾಡು, ಲೈನರುಗಳಿಗೆ. ಕಾದ ಲೈನರಿನ ಹಿಡಿತ ಕಡಿಮೆಯಾಗುತ್ತೆ. ದ್ರವ ಕುದಿದರೆ ಪೆಡಲ್ ಮೆತ್ತಗಾಗುತ್ತೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೇ ಲಾರಿ ಡ್ರೈವರುಗಳು ಹೇಳೋದು ಇದಕ್ಕೇ.

"ಟ್ರ್ಯಾಕ್ಟರಿಗೆ 45 ಎಚ್‌ಪಿ, ಇದಕ್ಕೆ ಎಪ್ಪತ್ತು. ಅದು ಎಳೆದರೆ ಇದು ಯಾಕೆ ಎಳೆಯಲ್ಲ?" ಮಾವನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಟ್ರ್ಯಾಕ್ಟರಿನ ಸಣ್ಣ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗಿದರೂ ಚಕ್ರ ನಡಿಗೆಯ ವೇಗದಲ್ಲಿ ತಿರುಗುತ್ತೆ, ಹಾಗಾಗಿ ಎಳೆತ ಹೆಚ್ಚು. ಹಿಂದಿನ ದೊಡ್ಡ ಚಕ್ರಗಳ ಮೇಲೆ ತೂಕವೂ ಇರುತ್ತೆ. ಎಚ್‌ಪಿ ಎಷ್ಟು ಬೇಗ ಎಳೆಯುತ್ತೆ ಅಂತ ಹೇಳುತ್ತೆ, ಎಷ್ಟು ಬೇಗ ನಿಲ್ಲುತ್ತೆ ಅಂತ ಹೇಳಲ್ಲ.

ಕಾಗದದ ಮೇಲೆ ಬರೆದು ತೋರಿಸಿದೆ. ತುಂಬಿದ ಪಿಕಪ್ 3,150. ತೂಕದ ಸೇತುವೆಯಲ್ಲಿ ಖಾಲಿ ಟ್ರೈಲರ್ 1,280 ಬಂದಿದ್ದ ಹಳೇ ಚೀಟಿ ಇತ್ತು. ಅದರಲ್ಲಿ 40 ಮೂಟೆ, 2,000. ಒಟ್ಟು 6,430 ಕೆಜಿ. ನಿಲ್ಲಿಸಬೇಕಾದ್ದು 3,150ಕ್ಕೆಂದು ಮಾಡಿದ ಬ್ರೇಕು. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ, 40 ಕಿಲೋಮೀಟರ್ ವೇಗದಲ್ಲಿ, ಪಿಕಪ್ ಒಂದೇ ಇದ್ದರೆ ಬ್ರೇಕ್ ಹಿಡಿದ ಮೇಲೆ ಸುಮಾರು 15 ಮೀಟರಿಗೆ ನಿಲ್ಲುತ್ತೆ ಅಂದುಕೊಳ್ಳಿ. ಟ್ರೈಲರ್ ಸೇರಿದರೆ ಅದೇ ಬ್ರೇಕಿಗೆ ಸುಮಾರು 42 ಮೀಟರ್ ಬೇಕು. ಒರಟು ಲೆಕ್ಕ, ಆದರೆ ತಿರುವಿನಲ್ಲಿ 42 ಮೀಟರ್ ಎಲ್ಲಿದೆ?

ಇನ್ನೊಂದು ಸಂಗತಿ ನನಗೂ ಹೊಸದು. ಎರಡು ಚಕ್ರದ ಟ್ರೈಲರಿನ ಮೂತಿ ಪಿಕಪ್ಪಿನ ಹುಕ್ಕಿನ ಮೇಲೆ ಕೂರುತ್ತೆ. ಹತ್ತರಲ್ಲಿ ಒಂದು ಪಾಲು ಅಂದರೂ 328 ಕೆಜಿ. ಅದೂ ಗಾಡಿ ಹೊರುವ 1,400ರ ಲೆಕ್ಕಕ್ಕೇ ಸೇರಬೇಕು, ಅಂದರೆ ಗಾಡಿಯಿಂದ ಆರೇಳು ಮೂಟೆ ಇಳಿಸಬೇಕು. ಹಾಗಂತ ಮೂಟೆಗಳನ್ನೆಲ್ಲ ಟ್ರೈಲರಿನ ಹಿಂದಕ್ಕೆ ಜರುಗಿಸಿದರೆ ಮೂತಿ ಮೇಲೇಳುತ್ತೆ. ಆಗ ಟ್ರೈಲರ್ ಹಾವಿನ ಹಾಗೆ ಅತ್ತಿತ್ತ ಬೀಸಿ ಮುಂದಿನ ಗಾಡಿಯನ್ನೇ ತಿರುಗಿಸಿಬಿಡುತ್ತೆ.

ಕಾನೂನು ಹೇಳಿದ್ದು ಕೊನೆಗೆ. ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ಪ್ರಕಾರ ಆರ್‌ಸಿಯ ಒಟ್ಟು ತೂಕ ದಾಟುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚುವರಿ ಸರಕು ಇಳಿಸುವ ಕೂಲಿಯೂ ನಮ್ಮದೇ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಮಾವನಿಗೆ ನಾಟಿದ್ದು ಇಪ್ಪತ್ತು ಸಾವಿರ ಅಂತ ನಾನಂದುಕೊಂಡೆ. ಅತ್ತೆ ಮಾತ್ರ ಬೇರೆ ಹೇಳುತ್ತಾರೆ.

ಟ್ರೈಲರ್ ಕೊಟ್ಟಿಗೆ ಪಕ್ಕದಲ್ಲೇ ಉಳಿಯಿತು. 25 ಮೂಟೆಯಂತೆ ಪಿಕಪ್ಪಿನಲ್ಲೇ ಎರಡು ಟ್ರಿಪ್, ಮಿಕ್ಕಿದ್ದು ಗೇರ್‌ಬಾಕ್ಸ್ ಸರಿಹೋದ ಮೇಲೆ ಕೊಳ್ಳೇಗಾಲದ ಕಡೆಗೆ. ಡೀಸೆಲ್ ಖರ್ಚು ಹೆಚ್ಚಾಯಿತು ಅಂತ ಮಾವ ಈಗಲೂ ಗೊಣಗುತ್ತಾರೆ, ಅದು ನಿಜವೂ ಹೌದು. ಮೊದಲ ಟ್ರಿಪ್ಪಿಗೆ ನಾನೂ ಹೋಗಿದ್ದೆ. ಪಾಲಾರ್ ಕಡೆ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ಅರಚುತ್ತಿತ್ತು, ಮಾವನ ಕಾಲು ಬಹುಪಾಲು ಬ್ರೇಕಿನಿಂದ ದೂರವೇ ಇತ್ತು. ಕೆಳಗೆ ಟೀಗೆ ನಿಲ್ಲಿಸಿದಾಗ ಇಳಿದು ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿದರು. ಏನೂ ಹೇಳಲಿಲ್ಲ.

ಮೊನ್ನೆ ಬೆಂಗಳೂರಿಗೆ ಫೋನ್ ಬಂತು. ಚರ್ಚಿನ ಹತ್ತಿರ ಯಾರೋ ಮನೆ ಕಟ್ಟಿಸುತ್ತಿದ್ದಾರಂತೆ, ಬಾಡಿಗೆ ಕೇಳಿದ್ದಾರೆ. "ಒಂದು ಸಿಮೆಂಟ್ ಇಟ್ಟಿಗೆ ಎಷ್ಟು ತೂಗುತ್ತೆ, ನೋಡಿ ಹೇಳು. ಅಮೆರಿಕದ್ದು ಬೇಡ."