ಲಸಿಕೆ ಪರಿಹಾರ: ಸೆಟಲ್‌ಮೆಂಟ್‌ಗೆ ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ಪ್ರತಿ ಫ್ಲೂ ಲಸಿಕೆಯ ಮೇಲೆ 75 ಸೆಂಟ್ ತೆರಿಗೆ ಇದೆ. ಆ ಹಣ ಒಂದು ಟ್ರಸ್ಟ್ ಫಂಡ್‌ಗೆ ಹೋಗುತ್ತದೆ. ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಬರುವುದು ಅಲ್ಲಿಂದ. 1986ರ ಕಾನೂನಿನಡಿ 1988ರಲ್ಲಿ ಶುರುವಾದ ಈ ಯೋಜನೆಗೆ ಪೌರತ್ವದ ಷರತ್ತಿಲ್ಲ. ಎಚ್-1ಬಿಯಲ್ಲಿರುವವರೂ ಅರ್ಜಿ ಹಾಕಬಹುದು. ಸರ್ಕಾರದ ಲೆಕ್ಕದಂತೆ ಪರಿಹಾರ ಪಡೆದವರು 10 ಲಕ್ಷ ಡೋಸ್‌ಗೆ ಸುಮಾರು ಒಬ್ಬರು. ಹಾಗಾಗಿ ಇದನ್ನು ಓದಿ ಲಸಿಕೆ ತಪ್ಪಿಸಬೇಡಿ. ಆದರೆ ಆ ಒಬ್ಬರು ನಮ್ಮ ಮನೆಯವರೇ ಆಗಿದ್ದರೆ?

ಗಿಯಾನ್-ಬಾರೇ ಸಿಂಡ್ರೋಮ್ ಅನ್ನೇ ತೆಗೆದುಕೊಳ್ಳಿ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಫ್ಲೂ ಲಸಿಕೆಯ ನಂತರ 3ರಿಂದ 42 ದಿನದೊಳಗೆ ಶುರುವಾದರೆ, ಲಸಿಕೆಯೇ ಕಾರಣ ಎಂದು ಕಾನೂನು ಊಹಿಸಿಕೊಳ್ಳುತ್ತದೆ. ಬೇರೆ ಕಾರಣ ಇತ್ತೆಂದು ತೋರಿಸುವ ಹೊಣೆ ಸರ್ಕಾರದ್ದು. 2017ರಿಂದ ಇದು ಅಧಿಕೃತ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿಲ್ಲದ ಆಟೊಇಮ್ಯೂನ್ ಕಾಯಿಲೆಗಳಿಗೆ ಸಂಬಂಧವನ್ನು ನಾವೇ ತಜ್ಞರ ಮೂಲಕ ಸಾಬೀತುಪಡಿಸಬೇಕು.

ಅರ್ಜಿಗೆ ಮೂರು ವರ್ಷ ಗಡುವು. ಅದು ಕಾಯಿಲೆಯ ಹೆಸರು ಗೊತ್ತಾದ ದಿನದಿಂದಲ್ಲ, ಮೊದಲ ಲಕ್ಷಣ ಕಂಡ ದಿನದಿಂದ. ಕಾಲು ಜುಮ್ಮೆಂದ ದಿನವೇ ಗಡಿಯಾರ ಓಡಲು ಶುರು.

ಪರಿಹಾರ ಸಿಕ್ಕ ಪ್ರಕರಣಗಳಲ್ಲಿ ಸುಮಾರು 60% ಮಾತುಕತೆಯಲ್ಲೇ ಮುಗಿದಿವೆ. ಇಂಥ ಸೆಟಲ್‌ಮೆಂಟ್ ಎಂದರೆ ಲಸಿಕೆಯೇ ಕಾರಣ ಎಂದು ಸರ್ಕಾರ ಒಪ್ಪಿಕೊಂಡಿತು ಎಂದಲ್ಲ. ಇಬ್ಬರೂ ವಿಚಾರಣೆಯ ರಿಸ್ಕ್ ಬೇಡ ಎಂದುಕೊಂಡರು, ಅಷ್ಟೆ. ಸಹಿ ಹಾಕಿದ ಮೇಲೆ ಕಾಯಿಲೆ ಉಲ್ಬಣಿಸಿದರೂ ಮತ್ತೆ ಕೇಳುವಂತಿಲ್ಲ.

ಆದ್ದರಿಂದ ಆಫರ್ ಬಂದಾಗ ಲೆಕ್ಕ ಬಿಡಿಸಿ ನೋಡಿ. ನೋವು, ಸಂಕಟಕ್ಕೆ ಸಿಗುವ ಗರಿಷ್ಠ ಮೊತ್ತ 2,50,000 ಡಾಲರ್, 1986ರಿಂದ ಬದಲಾಗಿಲ್ಲ. ವರ್ಷಕ್ಕೆ 3% ಹಣದುಬ್ಬರ ಎಂದರೂ ಸುಮಾರು 24 ವರ್ಷಕ್ಕೆ ಬೆಲೆ ಇಮ್ಮಡಿಯಾಗುತ್ತದೆ. ಆದರೆ ಕಳೆದುಕೊಂಡ ಸಂಬಳಕ್ಕೂ ಇನ್ಶೂರೆನ್ಸ್ ಕೊಡದ ಚಿಕಿತ್ಸಾ ವೆಚ್ಚಕ್ಕೂ ಇಂಥ ಮಿತಿಯಿಲ್ಲ. ನಿಜವಾದ ಚೌಕಾಸಿ ಅಲ್ಲೇ. ಡಬ್ಲ್ಯು-2, ಪೇ ಸ್ಟಬ್, ಫಿಸಿಯೋಥೆರಪಿ ಬಿಲ್, ಡಿಡಕ್ಟಿಬಲ್ ಕಟ್ಟಿದ ರಸೀದಿ, ಎಲ್ಲವನ್ನೂ ಜೋಡಿಸಿಡಿ. ನಮ್ಮಲ್ಲಿ ಅನೇಕರ ಇನ್ಶೂರೆನ್ಸ್ ಕೆಲಸಕ್ಕೇ ಅಂಟಿಕೊಂಡಿದೆ. ಕೆಲಸ ಹೋದರೆ ಮುಂದಿನ ಹತ್ತು ವರ್ಷದ ಚಿಕಿತ್ಸೆಯ ಖರ್ಚೆಷ್ಟು ಎಂಬುದನ್ನೂ ಸೇರಿಸಿ.

ವಕೀಲರ ಫೀಸಿಗೆ ಹೆದರಬೇಡಿ. ಅದನ್ನು ಯೋಜನೆಯೇ ಪ್ರತ್ಯೇಕವಾಗಿ ಕೊಡುತ್ತದೆ, ನಿಮ್ಮ ಪರಿಹಾರದಿಂದ ಪಾಲು ಕೇಳುವಂತಿಲ್ಲ. ಪ್ರಾಮಾಣಿಕವಾಗಿ, ಸಕಾರಣವಾಗಿ ಹಾಕಿದ ಅರ್ಜಿ ಸೋತರೂ ಫೀಸು ಸಿಗಬಹುದು. ಕೋವಿಡ್ ಲಸಿಕೆಗಳ ಕ್ಲೇಮ್ ಮಾತ್ರ ಬೇರೆ ಯೋಜನೆಯಡಿ ನಡೆಯುತ್ತದೆ: ಲಸಿಕೆ ಹಾಕಿಸಿಕೊಂಡ ದಿನದಿಂದ ಒಂದೇ ವರ್ಷ ಗಡುವು, ವಕೀಲರ ಫೀಸೂ ಇಲ್ಲ, ನೋವಿಗೆ ಪರಿಹಾರವೂ ಇಲ್ಲ.

ಹಣ ಕೈಗೆ ಬಂದ ಮೇಲೆ ನನ್ನ ಸಲಹೆ ಒಂದೇ: ಎರಡು ವರ್ಷದ ಚಿಕಿತ್ಸೆಗೆ ಬೇಕಾದಷ್ಟನ್ನು ಶೇರು ಮಾರುಕಟ್ಟೆಯಿಂದ ದೂರ ಇಡಿ. ಬೆಂಗಳೂರಿನ ಸೈಟು ಆಮೇಲೆ ನೋಡೋಣ.