ತಡವಾದ ಸಂತಾನಾಪೇಕ್ಷೆ: ಚಿಕಿತ್ಸೆಯ ಇತಿಮಿತಿ

ಉದರಂಭರಣಕ್ಕಾಗಿ ಮುಂಬಯಿ ಸೇರಿದ ಕನ್ನಡಿಗರ ಮನೆಗಳಲ್ಲಿ ತಂಗಿಯರ ಮದುವೆ, ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಸ್ವಂತ ಬ್ಲಾಕು, ಅದರ ಸಾಲದ ಕಂತು, ಪತಿಪತ್ನಿಯರಿಬ್ಬರ ನೌಕರಿ ಇವೆಲ್ಲ ಒಂದು ನೆಲೆಗೆ ಬರುವಷ್ಟರಲ್ಲಿ ಮೂವತ್ತೈದು ದಾಟಿರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ‘ಏನಾದರೂ ವಿಶೇಷವುಂಟೇ?’ ಎನ್ನುವ ಹಿರಿಯರಿಗೆ ಉತ್ತರಿಸಿ ಸಾಕಾಗಿ, ಕುಕ್ಕೆ ಸುಬ್ರಹ್ಮಣ್ಯದ ಸೇವೆಯನ್ನೂ ಮುಗಿಸಿ, ದಂಪತಿಗಳು ಪ್ರನಾಳ ಶಿಶು ಚಿಕಿತ್ಸೆಯ ಬಾಗಿಲಿಗೆ ಬರುತ್ತಾರೆ. ಅಲ್ಲಿ ಏನು ದೊರೆತೀತು, ಏನು ದೊರೆಯಲಾರದು ಎಂಬುದನ್ನು ಒಳಹೋಗುವ ಮೊದಲೇ ತಿಳಿದಿರುವುದು ಒಳಿತು.

ಈ ಚಿಕಿತ್ಸೆ ಹುಟ್ಟಿದ ಸಂದರ್ಭವನ್ನು ನೆನೆದರೆ ಅದರ ಮಿತಿಯೂ ಅರ್ಥವಾಗುತ್ತದೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿದ ಪ್ರಥಮ ಪ್ರನಾಳ ಶಿಶು ಲೂಯಿ ಬ್ರೌನಳ ತಾಯಿಗೆ ಇದ್ದ ತೊಂದರೆ ಗರ್ಭನಾಳಗಳು ಮುಚ್ಚಿಕೊಂಡದ್ದು. ಆಕೆಗಿನ್ನೂ ಮೂವತ್ತರ ಆಸುಪಾಸು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಯತ್ನ ಫಲಿಸಿದ್ದು 1986ರ ಆಗಸ್ಟ್ 6ರಂದು. (ಕಲಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯರು 1978ರಲ್ಲಿಯೇ ಇದನ್ನು ಸಾಧಿಸಿದ್ದರೂ ಅಂದಿನ ಅಧಿಕಾರಿವರ್ಗ ನಂಬದೆ ಹೋದದ್ದು ಬೇರೆಯೇ ಒಂದು ನೋವಿನ ಕಥೆ.) ಮುಚ್ಚಿದ ದಾರಿಯನ್ನು ಬಳಸಿ ಹೋಗುವ ಉಪಾಯವಾಗಿ ಬಂದ ಈ ವಿದ್ಯೆಗೆ ಸಂದ ವಯಸ್ಸನ್ನು ಹಿಂದಿರುಗಿಸುವ ಶಕ್ತಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷ. ಮೂವತ್ತೇಳರ ಸುಮಾರಿಗೆ ಇಪ್ಪತ್ತೈದು ಸಾವಿರ. ಜಮೆಯೇ ಇಲ್ಲದೆ ಖರ್ಚು ಮಾತ್ರ ಬೀಳುತ್ತಿರುವ ಖಾತೆಯಿದು. ಉಳಿದ ಅಂಡಾಣುಗಳಲ್ಲಿಯೂ ವರ್ಣತಂತುಗಳ ದೋಷ ಹೆಚ್ಚುತ್ತ ಹೋಗುವುದರಿಂದ ಗರ್ಭ ನಿಲ್ಲುವುದು ಕಡಿಮೆ, ನಿಂತರೂ ಇಳಿದುಹೋಗುವ ಭಯ ಹೆಚ್ಚು. ಚುಚ್ಚುಮದ್ದುಗಳು ಒಂದೇ ತಿಂಗಳಲ್ಲಿ ಹಲವು ಅಂಡಾಣುಗಳನ್ನು ಬಲಿಸಬಲ್ಲವು, ಅವುಗಳ ಪ್ರಾಯವನ್ನು ಇಳಿಸಲಾರವು. ಎ.ಎಂ.ಎಚ್. ಎಂಬ ರಕ್ತಪರೀಕ್ಷೆಯೂ ಉಳಿದಿರುವ ಸಂಖ್ಯೆಯ ಅಂದಾಜನ್ನಷ್ಟೇ ಕೊಡುತ್ತದೆ, ಗುಣದ್ದಲ್ಲ.

ಜಾಹೀರಾತುಗಳಲ್ಲಿ ಕಾಣುವ ‘ಶೇಕಡಾ ಇಷ್ಟು ಯಶಸ್ಸು’ ಎಂಬ ಮಾತನ್ನು ಲೆಕ್ಕ ಬಲ್ಲವರು ಹಾಗೆಯೇ ಒಪ್ಪಬಾರದು. ಅದು ಯಾವ ನೂರರಲ್ಲಿ? ಗರ್ಭಪರೀಕ್ಷೆಯಲ್ಲಿ ಗೆದ್ದವರೋ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಹೋದವರೋ? ಚುಚ್ಚುಮದ್ದು ಆರಂಭಿಸಿಯೂ ಭ್ರೂಣವೇ ರೂಪುಗೊಳ್ಳದೆ ಹಿಂದಿರುಗಿದವರು ಆ ನೂರರಲ್ಲಿ ಸೇರಿದ್ದಾರೆಯೇ? ಬ್ರಿಟನ್ನಿನ ನಿಯಂತ್ರಣ ಪ್ರಾಧಿಕಾರದ 2019ರ ಲೆಕ್ಕದಂತೆ, ಗರ್ಭಕೋಶಕ್ಕೆ ಸೇರಿಸಿದ ನೂರು ಭ್ರೂಣಗಳಲ್ಲಿ ಮಗುವಾಗಿ ಜನಿಸಿದ್ದು ಮೂವತ್ತೈದರೊಳಗಿನವರಲ್ಲಿ 32, ನಲವತ್ತರಿಂದ ನಲವತ್ತೆರಡರವರಲ್ಲಿ 11. ವೈದ್ಯರನ್ನು ಕೇಳಬೇಕಾದದ್ದು ತಮ್ಮ ವಯಸ್ಸಿನವರ ಲೆಕ್ಕವನ್ನೇ. ಆಸ್ಪತ್ರೆಯ ಒಟ್ಟು ಸರಾಸರಿಯಿಂದ ಪ್ರಯೋಜನವಿಲ್ಲ.

2019ರಲ್ಲಿ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅವಳಿ ಮಕ್ಕಳನ್ನು ಹೆತ್ತ ಸುದ್ದಿ ಅನೇಕರಲ್ಲಿ ಆಸೆ ಚಿಗುರಿಸಿತು. ಅಲ್ಲಿ ಬಳಸಿದ್ದು ದಾನಿಯ ಅಂಡಾಣು. ದಾನದ ಅಂಡಾಣುವಿನಿಂದ ನಲವತ್ತರಾಚೆಗೂ ಯಶಸ್ಸು ಮೇಲೇರುತ್ತದೆಂಬುದು ನಿಜ. ದಂಪತಿಗಳು ಅದಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಂಡಿರಬೇಕಷ್ಟೆ. 2021ರ ಕಾನೂನಿನಂತೆ ಈಗ ಇಂಥ ಚಿಕಿತ್ಸೆ ಹೆಣ್ಣಿಗೆ ಐವತ್ತು, ಗಂಡಿಗೆ ಐವತ್ತೈದು ವರ್ಷದವರೆಗೆ ಮಾತ್ರ. ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು. ಆಕೆ ದಾನ ಮಾಡಬಹುದಾದದ್ದು ಜೀವಮಾನದಲ್ಲಿ ಒಮ್ಮೆ ಮಾತ್ರ.

ಮೂವತ್ತೈದು ದಾಟಿದವರು ಆರು ತಿಂಗಳಿಗಿಂತ ಹೆಚ್ಚು ಕಾಯದೆ, ನಲವತ್ತು ದಾಟಿದವರು ಕೂಡಲೇ, ತಜ್ಞರನ್ನು ಕಾಣಬೇಕು. ಗಂಡನ ವೀರ್ಯಪರೀಕ್ಷೆ ಮೊದಲ ದಿನವೇ ಆಗಲಿ. ಅದೊಂದನ್ನು ಮುಂದೂಡುತ್ತ ಹೆಂಡತಿಯನ್ನು ಮಾತ್ರ ಆಸ್ಪತ್ರೆಗೆ ಅಲೆದಾಡಿಸುವ ಪದ್ಧತಿ ವಿದ್ಯಾವಂತರಲ್ಲಿಯೂ ಇದೆ. ಖಾಸಗಿ ಆಸ್ಪತ್ರೆಗಳಲ್ಲಿ ಒಂದು ಸುತ್ತಿನ ಚಿಕಿತ್ಸೆಗೆ ಲಕ್ಷ ರೂಪಾಯಿ ಮೀರುವುದು ಸಾಮಾನ್ಯ. ಹೆಚ್ಚಿನ ಆರೋಗ್ಯ ವಿಮೆಗಳು ಇದನ್ನು ಭರಿಸುವುದಿಲ್ಲ. ಭವಿಷ್ಯನಿಧಿ ಬರಿದಾದ ಮೇಲೆ, ದುಃಖದ ನಡುವೆ, ‘ಇನ್ನೊಂದು ಸಲ’ ಎಂಬುದಕ್ಕೆ ಇಲ್ಲವೆನ್ನುವುದು ಕಷ್ಟ. ಎಷ್ಟು ಸುತ್ತು, ಎಷ್ಟು ಹಣ ಎಂಬುದನ್ನು ಇಬ್ಬರೂ ಕುಳಿತು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ದತ್ತು ಸ್ವೀಕಾರವನ್ನು ‘ಕಡೆಗೆ ನೋಡೋಣ’ ಎಂದಿಟ್ಟವರು ಗಮನಿಸಬೇಕಾದ ಸಂಗತಿಯೊಂದಿದೆ. 2022ರ ನಿಯಮಗಳಂತೆ ಎರಡು ವರ್ಷದೊಳಗಿನ ಮಗುವನ್ನು ಪಡೆಯಬೇಕಾದರೆ ದಂಪತಿಗಳ ಒಟ್ಟು ವಯಸ್ಸು 85 ಮೀರಿರಬಾರದು. ನಾಲ್ಕು ವರ್ಷದೊಳಗಿನ ಮಗುವಿಗೆ 90.