ಮಾತ್ರೆಯ ಡಬ್ಬಿ ನೋಡುವವರಾರು?

ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1992ರಲ್ಲಿ ಅದನ್ನು ರೋಗಿಗಳ ವಿಶ್ವ ದಿನವೆಂದೂ ಸಾರಿದರು. ಅಂದು ದೇವಾಲಯಕ್ಕೆ ಬರುವ ಹಿರಿಯರನ್ನು ನಾವು ಕಾಣುತ್ತೇವೆ. ಬರಲಾಗದವರನ್ನು?

ಕಾಸರಗೋಡು, ಮಂಜೇಶ್ವರದ ನಮಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣ ಕರ್ನಾಟಕವು ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ಹಿಂದಿರುಗಿದವು. ವೃದ್ಧರೂ ಸೇರಿ ಹಲವರು ತೀರಿಕೊಂಡರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳಿಗೆ ದಾರಿಯಾಯಿತು.

ಈಗ ಗಡಿ ತೆರೆದಿದೆ, ಆದರೆ ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ಮಗ ಗಲ್ಫಿನಲ್ಲಿರುವ ಅಜ್ಜನಿಗೆ ಕಾರು ಬರುತ್ತದೆ. ಬೀಡಿ ಕಟ್ಟಿ ಬದುಕಿದ ಒಂಟಿ ಅಜ್ಜಿಗೆ ಬಸ್ಸು, ಆಟೋ, ಜೊತೆಗೆ ಬಂದವರ ಒಂದು ದಿನದ ಕೂಲಿ. ಸಮೀಪದ ಆಸ್ಪತ್ರೆಗೆ ಹೋದರೆ ಚೀಟಿ ಮಲಯಾಳದಲ್ಲಿ. ಕನ್ನಡ ಶಾಲೆ ಕಲಿತವಳು ಅದನ್ನು ಓದಿಸಲು ಮೊಮ್ಮಕ್ಕಳನ್ನು ಕಾಯಬೇಕು. ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿಸುವವರು ನಮ್ಮ ವಾಳೆಗಳಲ್ಲೇ ಇದ್ದಾರೆ. ಕೇಳಿದರೆ "ದೇವರ ದಯೆ, ಆರಾಮ" ಅನ್ನುತ್ತಾರೆ!

2024ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು 70 ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಆಯುಷ್ಮಾನ್ ಸೌಲಭ್ಯ ಆರಂಭಿಸಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದವರಿಗೆ, ದಿನದ ಮಾತ್ರೆಗಲ್ಲ. ಹಾಸಿಗೆ ಹಿಡಿದವರಿಗೆ ಕೇರಳದ್ದೇ ದಾರಿಯಿದೆ: 2008ರ ಉಪಶಮನ ಚಿಕಿತ್ಸಾ ನೀತಿಯಂತೆ ಪಂಚಾಯತಿನ ಮೂಲಕ ದಾದಿ ಮನೆಗೇ ಬರುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ನಾಚಿಕೆ ಬೇಡ.

ಗುರುಗಳು ಪರಮಪ್ರಸಾದ ಒಯ್ಯುವ ಮನೆಗಳು ನಮಗೆ ಗೊತ್ತು. ಗುರಿಕಾರರು ಆ ಮನೆಗಳಲ್ಲಿ ಮಾತ್ರೆಯ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಲಿ.